ಮಲಕಪ್ಪ ಮಾಸ್ತರರ ಐವತ್ತು ನಿಮಿಷ

"ಇನ್ನ ಮ್ಯಾಲೆ ಈ ಮನ್ಯಾಗ ಟೈಮು ಅಂದ್ರ ನಾ ಹೇಳಿದ್ದ ಟೈಮು! ತಿಳೀತಿಲ್ಲೋ?"

ಎಪ್ಪತ್ತೊಂಬತ್ತನೆಯ ಇಸವಿಯ ಜುಲೈ ತಿಂಗಳ ಒಂದು ಶುಕ್ರವಾರ ಕಮತಗಿಯ ಮಲಕಪ್ಪ ಮಾಸ್ತರರು ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಹೀಗೆ ಘೋಷಣೆ ಮಾಡಿದಾಗ ಅದನ್ನು ಕೇಳಿಸಿಕೊಂಡವರು ಮೂವರು. ಮೊದಲನೆಯವಳು ಹೆಂಡತಿ ಸತ್ಯವ್ವ. ಎರಡನೆಯವನು ಗೋಡೆಯಾಚೆಯ ಮನೆಯ ಜಹಾಂಗೀರ, ಬಸ್ ಕಂಡಕ್ಟರು. ಮೂರನೆಯದು ಗೋಡೆಗೆ ನೇತುಹಾಕಿದ್ದ ಗಡಿಯಾರ. ಮೂವರೂ ತುಟಿ ಬಿಚ್ಚಲಿಲ್ಲ. ಗಡಿಯಾರ ಮಾತ್ರ ಟಿಕ್ ಟಿಕ್ ಎಂದಿತು. ಅದಕ್ಕೆ ಬೇರೆ ದಾರಿ ಇರಲಿಲ್ಲ.

ಮಾಸ್ತರರಿಗೆ ಸಿಟ್ಟು ಬಂದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಇರುತ್ತಿತ್ತು. ಹಲ್ಲುಜ್ಜುವಾಗ ಇರುತ್ತಿತ್ತು, ರೊಟ್ಟಿ ಮುರಿಯುವಾಗ ಇರುತ್ತಿತ್ತು, ನಿದ್ದೆಯಲ್ಲಿ ಕೂಡ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿತ್ತು. ಏಳನೆಯ ಇಯತ್ತೆಗೆ ಗಣಿತ ಕಲಿಸುವವರು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಎರಡನೇ ಒಂದಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ಮಾಸ್ತರರು "ಛೇದ ಸಮಾ ಮಾಡೋ ಮಂಗ್ಯಾ!" ಎಂದು ಕೂಗಿ ಮೇಜಿಗೆ ಕೈ ಬಡಿದರು. ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರ ಆ ಕೈಯಲ್ಲೇ ಇತ್ತು. ಲೆಕ್ಕ ತಪ್ಪಾಗಿಯೇ ಉಳಿಯಿತು, ಗಡಿಯಾರ ಪುಡಿಯಾಯಿತು. ಅಂದಿನಿಂದ ಅವರಿಗೆ ಗತಿ ಎಂದರೆ ಈ ಗೋಡೆ ಗಡಿಯಾರವೊಂದೇ.

ಈ ಗಡಿಯಾರಕ್ಕೆ ಒಂದು ಕಾಯಿಲೆ. ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿತ್ತು. ರಿಪೇರಿಯವನು ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿ "ಇದು ಇದರ ಸ್ವಭಾವ್ರಿ" ಎಂದು ಕೈ ಮುಗಿದಿದ್ದ. ಹಾಗಾಗಿ ದಿನಾ ಬೆಳಿಗ್ಗೆ ಏಳು ಗಂಟೆಗೆ, ಓಣಿಯ ತುದಿಯ ಹುಲ್ಲಪ್ಪನ ಟ್ರಾನ್ಸಿಸ್ಟರಿನಲ್ಲಿ ಪೀಂ ಪೀಂ ಎಂದಾಗ, ಸತ್ಯವ್ವ ಸ್ಟೂಲು ಹತ್ತಿ ಗಡಿಯಾರಕ್ಕೆ ಚಾವಿ ಕೊಟ್ಟು ಮುಳ್ಳು ಸರಿಪಡಿಸುತ್ತಿದ್ದಳು. ಅಂದು ಶುಕ್ರವಾರ ಮಾಸ್ತರರು ಸಾಲೆಗೆ ಹೋದರೆ ಗೇಟಿಗೆ ಬೀಗ! ಗೇಟಿನ ಮುಂದೆ ಎರಡು ಆಡು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಬೀಗ ತೆಗೆಯಲು ಬಂದ ಜವಾನ "ಯಾಕ್ರಿ ಸರ್, ಅರ್ಧಾ ತಾಸು ಮೊದಲ ಬಂದೀರಿ?" ಎಂದ. ಒಂದು ತಿಂಗಳಿನಿಂದ ಊರೆಲ್ಲ ಸೋಮಾರಿಯಾಗಿದೆ, ಒಬ್ಬರೂ ಹೊತ್ತಿಗೆ ಬರುವುದಿಲ್ಲ ಎಂದು ಬೈದಾಡುತ್ತಿದ್ದ ಮಾಸ್ತರರು ಅಲ್ಲಿಂದ ಹಾಗೆಯೇ ಹೊರಳಿ ಮನೆಗೆ ಬಂದರು.

"ಗಡಿಯಾರದ ಮುಳ್ಳು ಯಾರ ತಿರುವ್ಯಾರ?"

"ನಾನರೀ," ಎಂದಳು ಸತ್ಯವ್ವ. "ಒಂದ ತಿಂಗಳಾತು, ಚಾವಿ ಕೊಡೋ ಮುಂದ ಅರ್ಧಾ ತಾಸು ಮುಂದ ಇಡ್ತೇನಿ. ನೀವು ದಿನಾ ಏನರ ಒಂದ ಹಚ್ಚಿಕೊಂಡು ಸಿಟ್ಟು ಮಾಡಿ, ಅದು ಇಳಿಯೂದ್ರಾಗ ಸಾಲಿಗೆ ತಡಾ ಆಗತಿತ್ತು. ಅದಕ್ಕ ಸಿಟ್ಟಿಗೆ ಅಂತ ಅರ್ಧಾ ತಾಸು ಬ್ಯಾರೆ ತಗದು ಇಟ್ಟೇನಿ."

ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಸಂಸಾರದಲ್ಲಿ ಇದ್ದೀತು? ಆದರೆ ಮಾಸ್ತರರಿಗೆ ಅದು ಹಿಡಿಸಲಿಲ್ಲ. ಅವರು ಕೂಗಿದರು, ಸ್ಟೂಲನ್ನು ಒದ್ದರು, ಕಾಲು ಹಿಡಿದುಕೊಂಡು ಕುಂಟಿದರು, ಮತ್ತೆ ಕೂಗಿದರು. ಕೂಗುತ್ತ ಕೂಗುತ್ತ ಒಮ್ಮೆಗೇ ನಿಂತುಬಿಟ್ಟರು. ಅವರ ಮುಖದಲ್ಲಿ ಏನೋ ಹೊಳೆಯಿತು.

ಮರುದಿನ ಶನಿವಾರ ಬಾಗಲಕೋಟೆಯಲ್ಲಿ ಅವರದೊಂದು ಮಾದರಿ ಪಾಠವಿತ್ತು. ಕಮತಗಿಯ ಹೆಡ್‌ಮಾಸ್ತರರು ಮುಂದಿನ ತಿಂಗಳು ನಿವೃತ್ತರಾಗುವವರು. ಆ ಕುರ್ಚಿಗೆ ಇಬ್ಬರು: ಒಬ್ಬರು ಮಲಕಪ್ಪ ಮಾಸ್ತರರು, ಇನ್ನೊಬ್ಬರು ಐಹೊಳೆಯ ಕಾಳಪ್ಪ ಮಾಸ್ತರರು. ಸರ್ವಿಸಿನಲ್ಲಿ ಇಬ್ಬರೂ ಸರಿಸಮ. ಪಾಠ ಯಾರದು ಚೆಂದವೋ ಅವರ ಹೆಸರನ್ನು ಶಿಫಾರಸು ಮಾಡುವೆನೆಂದು ವಿದ್ಯಾಧಿಕಾರಿ ಸಾಹೇಬರು ಹೇಳಿದ್ದರು. ಹನ್ನೊಂದು ವರ್ಷದಿಂದ ಮಾಸ್ತರರು ಆ ಕುರ್ಚಿಯನ್ನು ಕಣ್ಣಲ್ಲೇ ಒರೆಸುತ್ತ ಬಂದಿದ್ದರು. ಪಾಠದ ವಿಷಯ: ಬೇರೆ ಬೇರೆ ಛೇದಗಳ ಧನ ಮತ್ತು ಋಣ ಭಿನ್ನರಾಶಿಗಳ ಸಂಕಲನ, ವ್ಯವಕಲನ!

"ಲೇ ಸತ್ಯವ್ವಾ!" ಎಂದರು ಮಾಸ್ತರರು. "ನೀ ಮುಂದ ಇಟ್ಟಿದ್ದು ಅರ್ಧಾ ತಾಸು, ಅದು ಧನ. ಅದು ಹಿಂದ ಬೀಳೂದು ಇಪ್ಪತ್ತು ನಿಮಿಷ, ಅಂದ್ರ ತಾಸಿನ ಮೂರನೇ ಒಂದು, ಅದು ಋಣ. ಛೇದ ಬ್ಯಾರೆ ಬ್ಯಾರೆ! ಇಂಥಾ ಉದಾಹರಣಿ ಯಾವ ಪುಸ್ತಕದಾಗೂ ಇಲ್ಲ. ಸಾಹೇಬರ ಬಾಯಿ ತೆರದದ್ದು ತೆರದಂಗ ಇರಬೇಕು!"

"ಹಂಗಾರ ಮುಳ್ಳು ಸರಿ ಮಾಡ್ಲೇನ್ರಿ?"

"ಮುಟ್ಟಬ್ಯಾಡ! ನಾಳೆ ಮುಂಜಾನೆ ಚಾವಿ ಕೊಡು, ಮುಳ್ಳಿಗೆ ಮಾತ್ರ ಕೈ ಹಚ್ಚಬ್ಯಾಡ. ಗಡಿಯಾರ ಎಷ್ಟರ ಸುಳ್ಳು ಹೇಳಲಿ, ನಾ ಲೆಕ್ಕಾ ಮಾಡಿ ಅದರ ಬಾಯಿಂದ ಖರೇ ಹೊರಡಸ್ತೇನಿ. ಮುಳ್ಳು ತಿರುವಿ ಟೈಮು ನೋಡೂದು ಅಡ್ಡಾಡೋ ಮಂದಿ ಕೆಲಸ. ಗಣಿತ ಬಲ್ಲವಗ ಅದು ನಾಚಿಕಿ!"

ಆ ಸಂಜೆ ಸಾಲೆ ಬಿಟ್ಟು ಬಂದ ಮೇಲೆ ಮಾಸ್ತರರು ಪಾಟಿ ತೆಗೆದುಕೊಂಡು ಕೂತರು. ಶನಿವಾರ ಬೆಳಿಗ್ಗೆ ಗಡಿಯಾರ ಎಷ್ಟು ಮುಂದಿರುತ್ತದೆ? ಅರ್ಧದಲ್ಲಿ ಮೂರನೇ ಒಂದು ಕಳೆದಷ್ಟು. ಅದನ್ನು ಕಂಸದೊಳಗೆ ಹಾಕಿದರು. ನಿಜವಾದ ಸಮಯ ಬೇಕಾದರೆ ಗಡಿಯಾರ ತೋರಿಸುವ ಸಮಯದಲ್ಲಿ ಆ ಕಂಸವನ್ನು ಇಡಿಯಾಗಿ ಕಳೆಯಬೇಕು. ಬರೆದರು:

ಗಡಿಯಾರದ ಸಮಯ − (½ − ⅓)

ಇಲ್ಲಿಯವರೆಗೆ ಒಂದು ಅಕ್ಷರ ತಪ್ಪಿಲ್ಲ. ಇನ್ನು ಕಂಸ ಬಿಡಿಸಬೇಕು, ಅಷ್ಟರಲ್ಲಿ ಸತ್ಯವ್ವ ಅಡುಗೆಮನೆಯಿಂದ ಕೇಳಿದಳು: "ರೀ, ಬದನಿಕಾಯಿ ಮಾಡ್ಲೋ, ಮಡಿಕಿಕಾಳು ಮಾಡ್ಲೋ?"

"ನಾ ಇಲ್ಲಿ ಕಂಸನ್ನ ಬಿಡಸಾಕತ್ತೇನಿ, ನಿನಗ ಬದನಿಕಾಯಿದು ಬಿದ್ದೈತಿ!"

ಇದನ್ನು ಹೇಳುವುದಕ್ಕೆ ಅವರು ಅಡುಗೆಮನೆಯ ಕಡೆ ಪೂರ್ತಿ ತಿರುಗಿದರು. ಬೈದು ಮುಗಿಸಿ ಮತ್ತೆ ಪಾಟಿಯ ಕಡೆ ತಿರುಗಿ ಬರೆದರು:

ಗಡಿಯಾರದ ಸಮಯ − ½ − ⅓

ಆಯಿತು ಅನಾಹುತ! ಕಂಸದ ಹಿಂದೆ ಋಣ ಇದ್ದರೆ ಒಳಗಿನ ಋಣ ಹೊರಗೆ ಬರುವಾಗ ಧನವಾಗಿ ಬರಬೇಕು. ಇದನ್ನು ಮರೆತ ಮಕ್ಕಳನ್ನು ಇಪ್ಪತ್ತು ವರ್ಷದಿಂದ ಬೆಂಚಿನ ಮೇಲೆ ನಿಲ್ಲಿಸಿದವರು ಅವರೇ. ಅವರ ಕೈಯಲ್ಲೇ ಆ ಚಿಹ್ನೆ ಬದಲಾಗದೆ ಹಾಗೇ ಉಳಿಯಿತು. ಉಳಿದದ್ದನ್ನೆಲ್ಲ ಅವರು ಶಾಸ್ತ್ರೋಕ್ತವಾಗಿ ಮಾಡಿದರು. ಎರಡು ಮತ್ತು ಮೂರರ ಲ.ಸಾ.ಅ. ಆರು. ಆರನೇ ಮೂರು, ಆರನೇ ಎರಡು, ಎರಡೂ ಋಣ, ಕೂಡಿದರೆ ಋಣ ಆರನೇ ಐದು. ಅರವತ್ತು ನಿಮಿಷದ ಆರನೇ ಐದು ಅಂದರೆ ಐವತ್ತು ನಿಮಿಷ. ಹತ್ತು ನಿಮಿಷ ಬರಬೇಕಾದ ಜಾಗದಲ್ಲಿ ಐವತ್ತು! ಉತ್ತರದ ಕೆಳಗೆ ಎರಡು ಗೆರೆ ಎಳೆದು ಪಾಟಿಯನ್ನು ಗಡಿಯಾರದ ಕೆಳಗೆ ನೇತುಹಾಕಿದರು.

ಸತ್ಯವ್ವ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಓದಿದಳು.

"ಅಲ್ರೀ, ನಾ ಮುಂದ ಇಟ್ಟಿದ್ದು ಅರ್ಧಾ ತಾಸು. ಅದು ಹಿಂದ ಬೀಳಾಕತ್ತೈತಿ. ಅಂದಮ್ಯಾಲೆ ಐವತ್ತು ನಿಮಿಷ ಮುಂದ ಹೆಂಗ ಆಗತೈತಿ? ಕಡಿಮಿ ಆಗಬೇಕಲ್ಲ?"

"ಬಾಯಿ ಮುಚ್ಚು! ಇದು ಋಣ ಭಿನ್ನರಾಶಿ. ಇದರಾಗ ಕಡಿಮಿ ಅನ್ನೂದು ಹೆಚ್ಚಾಗತೈತಿ, ಹೆಚ್ಚು ಅನ್ನೂದು ಕಡಿಮಿ ಆಗತೈತಿ. ನಿನ್ನ ಒಲಿ ಮುಂದಿನ ಬುದ್ಧಿ ಇಲ್ಲಿ ನಡಿಯಂಗಿಲ್ಲ!"

ಗೋಡೆಯಾಚೆಯಿಂದ ಜಹಾಂಗೀರನ ದನಿ ಬಂತು. "ಮಾಸ್ತರ, ನನ್ನ ವಾಚು ರಿಪೇರಿಗೆ ಹೋಗೇತ್ರಿ. ನಾಳೆ ಎಂಟರ ಬಸ್ಸಿಗೆ ನಂದ ಡ್ಯೂಟಿ. ನೀವು ಹೊಂಟಾಗ ನನಗೊಂದು ಕೂಗು ಹಾಕ್ರಿ."

"ಹಾಕ್ತೇನಿ! ನನ್ನ ಲೆಕ್ಕದ ಮ್ಯಾಲೆ ನೀ ಬಸ್ಸಲ್ಲ, ರೇಲ್ವೆ ಬಿಡಬಹುದು!"

ಆ ಬಸ್ಸು ಕಮತಗಿಯಲ್ಲೇ ರಾತ್ರಿ ವಸ್ತಿ ಮಾಡಿ ಬೆಳಿಗ್ಗೆ ಎಂಟಕ್ಕೆ ಬಾಗಲಕೋಟೆಗೆ ಹೊರಡುವ ಗಾಡಿ. ಎಂಟಕ್ಕೆ ಬಿಟ್ಟರೆ ಎಂಟು ಐವತ್ತಕ್ಕೆ ಬಾಗಲಕೋಟೆ. ಅಲ್ಲಿಂದ ಹತ್ತು ನಿಮಿಷದ ನಡಿಗೆ. ಸರಿಯಾಗಿ ಒಂಬತ್ತಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ, ಒಂಬತ್ತೂವರೆಗೆ ಪಾಠ. ಮಾಸ್ತರರ ಯೋಜನೆಯಲ್ಲಿ ನಿಮಿಷದಷ್ಟೂ ದೋಷವಿರಲಿಲ್ಲ.

ಶನಿವಾರ ಬೆಳಗಾಯಿತು. ಮಾಸ್ತರರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಪಡಸಾಲೆಗೆ ಬಂದು ಗಡಿಯಾರ ನೋಡಿದರು. ಎಂಟು. ಪಾಟಿ ನೋಡಿದರು. ಋಣ ಐವತ್ತು.

"ಖರೇ ಟೈಮು ಏಳೂ ಹತ್ತು!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದರು.

ಸತ್ಯವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ರೀ, ಆ ಗಡಿಯಾರದ್ದು ಒಂದು ಮಾತ ಹೇಳೂದಿತ್ತು..."

"ಬಾಯಿ ಮುಚ್ಚು! ಇವತ್ತ ಗಡಿಯಾರದ ವಿಷಯ ನಾ ಸಾಹೇಬರ ಜೋಡಿ ಮಾತಾಡಾಂವ. ನಿನ್ನ ಜೋಡಿ ಅಲ್ಲ."

ಅವಳು ಚಹಾ ಇಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹುಲ್ಲಪ್ಪ ಬಂದ. ಕುರಿ ವ್ಯಾಪಾರಕ್ಕೆಂದು ಬಾಗಲಕೋಟೆಗೆ ಹೊರಟವನು, ಕೊರಳಲ್ಲಿ ಟ್ರಾನ್ಸಿಸ್ಟರು, ಮುಖದಲ್ಲಿ ಬೆವರು.

"ಜಹಾಂಗೀರ ಎಲ್ಲಿ? ಬಸ್ಸಿನಾಗ ಮಂದಿ ತುಂಬೈತಿ. ಡ್ರೈವರ ಕಂಡಕ್ಟರ ಇಲ್ಲದ ಗಾಡಿ ಬಿಡಂಗಿಲ್ಲ ಅಂತಾನ. ಎಂಟೂ ಹತ್ತು ಆತು!"

"ಯಾಂವ ಅಂದಾಂವ ಎಂಟೂ ಹತ್ತು?" ಮಾಸ್ತರರು ಕಟ್ಟೆಯಿಂದ ಇಳಿದೇ ಬಂದರು. "ಈಗ ಏಳೂ ಇಪ್ಪತ್ತು. ಬೇಕಾದ್ರ ಪಾಟಿ ನೋಡು. ಮೂರ ಸಲ ತಾಳೆ ನೋಡೇನಿ!"

"ರೇಡಿಯೋದಾಗ..."

"ಬಂದ್ ಮಾಡಲೇ ಆ ಡಬ್ಬೀನ!"

ಜಹಾಂಗೀರ ಕಿಟಕಿಯಿಂದ ಇಣುಕಿದ. ಒಂದು ಕಡೆ ಟ್ರಾನ್ಸಿಸ್ಟರು, ಇನ್ನೊಂದು ಕಡೆ ಗಣಿತ. ಅವನೂ ಮಾಸ್ತರರ ಕೈಕೆಳಗೇ ಏಳನೆಯ ಇಯತ್ತೆ ಕಲಿತವನು. ಅವರು ಹಿಂಡಿದ್ದನ್ನು ಕಿವಿ ಇನ್ನೂ ಮರೆತಿರಲಿಲ್ಲ. "ಮಾಸ್ತರ ಹೇಳ್ಯಾರಂದ್ರ ಮುಗೀತು ಹುಲ್ಲಪ್ಪಣ್ಣ" ಎಂದು ಹೆಂಡತಿ ಮಾಸುಮಬಿ ಕೊಟ್ಟ ನಾಷ್ಟಾಕ್ಕೆ ಕೂತುಬಿಟ್ಟ.

ಸತ್ಯವ್ವ ಮತ್ತೆ ಬಂದಳು. ಅವಳ ಕೈಯಲ್ಲಿ ಬುತ್ತಿಯ ಗಂಟು. "ಒಂದ ಮಾತ ಕೇಳ್ರಿ. ಮುಂಜಾನಿ ಏಳಕ್ಕ ನಾ..."

"ಬಾಯಿ ಮುಚ್ಚು ಅಂದೆ!"

ಹೊರಡುವ ಮುಂದೆ, ಚಪ್ಪಲಿ ಮೆಟ್ಟುವ ಮುಂದೆ, ಮೂರನೆಯ ಸಲ ಅವಳು ಹೊಸ್ತಿಲಲ್ಲಿ ಅಡ್ಡ ನಿಂತಳು. ಮಾಸ್ತರರು ಬಾಯಿಂದ ಹೇಳಲಿಲ್ಲ, ಬೆರಳನ್ನು ತುಟಿಗೆ ಒತ್ತಿ ಕಣ್ಣು ಬಿಟ್ಟರು. ಅವಳು ದಾರಿ ಬಿಟ್ಟಳು. ಅವಳಿಗೂ ಸಿಟ್ಟು ಬರುತ್ತಿತ್ತು, ಅಷ್ಟೇ ಅಲ್ಲ, ಗಂಡನಿಗಿಂತ ಹೆಚ್ಚೇ ಬರುತ್ತಿತ್ತು. ಆದರೆ ಒಂದೇ ಮನೆಯಲ್ಲಿ ಇಬ್ಬರು ಕೂಗುವುದಕ್ಕೆ ಜಾಗವಿರಲಿಲ್ಲ, ಇದ್ದ ಜಾಗವನ್ನೆಲ್ಲ ಮಾಸ್ತರರೇ ಹಿಡಿದಿದ್ದರು.

ಮಾಸ್ತರರ ಲೆಕ್ಕದ ಪ್ರಕಾರ ಎಂಟಕ್ಕೆ ಸರಿಯಾಗಿ ಕಂಡಕ್ಟರನ ಜೊತೆ ಅವರು ಬಸ್ಸಿನ ಬಳಿ ಹೋದಾಗ ಅಲ್ಲಿ ಒಂದು ದಂಗೆಯೇ ನಡೆದಿತ್ತು. ದವಾಖಾನೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಬಾಣಂತಿ ಮಗಳನ್ನು ನೋಡಲು ಹೊರಟ ಮುದುಕಿಯರು, ಎಲ್ಲರೂ ಜಹಾಂಗೀರನ ಮೇಲೆ ಒಮ್ಮೆಗೇ ಬಿದ್ದರು. ಒಬ್ಬ ಮುದುಕಿ ತಂಬಾಕಿನ ಚೀಲದಿಂದ ಅವನ ಬೆನ್ನಿಗೆ ಬಾರಿಸಿಯೂ ಬಿಟ್ಟಳು. ಮಾಸ್ತರರು ಫುಟ್‌ಬೋರ್ಡಿನ ಮೇಲೆ ನಿಂತು ಕೈ ಎತ್ತಿದರು.

"ಶಾಂತಿ! ಗಾಡಿ ಹೊತ್ತಿಗೆ ಸರಿಯಾಗಿ ಹೊಂಟೈತಿ. ನೀವೆಲ್ಲಾರೂ ಐವತ್ತು ನಿಮಿಷ ಮೊದಲ ಬಂದೀರಿ. ತಪ್ಪು ನಿಮ್ಮದು!"

ಮುದುಕಿ ಮತ್ತೆ ಚೀಲ ಎತ್ತಿದಳು. ಬಸ್ಸು ಹೊರಟಿತು. ಊರು ದಾಟಿ ಎರಡು ಮೈಲಿ ಹೋಗಿರಬೇಕು, ಹುಲ್ಲಪ್ಪನ ಕೊರಳಿನ ಟ್ರಾನ್ಸಿಸ್ಟರು ಪೀಂ ಪೀಂ ಎಂದು ಒಂಬತ್ತು ಹೊಡೆಯಿತು. ಬಸ್ಸಿನಲ್ಲಿದ್ದ ಅಷ್ಟೂ ತಲೆಗಳು ಮಾಸ್ತರರ ಕಡೆ ತಿರುಗಿದವು.

"ಈಗೇನಂತೀರಿ?" ಎಂದ ಹುಲ್ಲಪ್ಪ.

"ರೇಡಿಯೋದವರ ಗಡಿಯಾರಾನೂ ಯಾರೋ ಮುಂದ ಇಟ್ಟಾರ," ಎಂದರು ಮಾಸ್ತರರು. "ಅಲ್ಲೂ ನನ್ನ ಹೆಂಡತಿಯಂಥಾಕಿ ಒಬ್ಬಾಕಿ ಇರಬೇಕು!"

ಆದರೆ ಬಾಗಲಕೋಟೆಯ ಸಾಲೆಯ ಬಾಗಿಲಲ್ಲಿ ಕಾಲಿಟ್ಟಾಗ ಅಲ್ಲಿನ ಗೋಡೆ ಗಡಿಯಾರವೂ ಒಂಬತ್ತು ಐವತ್ತು ತೋರಿಸುತ್ತಿತ್ತು. ವಿದ್ಯಾಧಿಕಾರಿ ಸಾಹೇಬರ ಕೈಗಡಿಯಾರವೂ ಅದನ್ನೇ ತೋರಿಸುತ್ತಿತ್ತು. ಹಾಲ್‌ನಲ್ಲಿ ಕೂತಿದ್ದ ನಲವತ್ತು ಮಂದಿ ಮಾಸ್ತರರ ಮುಖಗಳೂ ಅದನ್ನೇ ತೋರಿಸುತ್ತಿದ್ದವು. ಐಹೊಳೆಯ ಕಾಳಪ್ಪ ಮಾಸ್ತರರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅವರ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಹಾಗಾಗಿ ಹಿಂದಿನ ದಿನವೇ ಬಂದು ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದರು.

"ಐವತ್ತು ನಿಮಿಷ ತಡಾ," ಎಂದರು ಸಾಹೇಬರು. "ಏನ ಕಾರಣ?"

"ತಡಾ ಆಗಿಲ್ಲ ಸಾಹೇಬ್ರ. ಈ ಊರಿನ ಗಡಿಯಾರಗೋಳು ಮುಂದ ಅದಾವ್ರಿ. ನನ್ನ ಕಡೆ ಲೆಕ್ಕ ಐತಿ. ಆ ಲೆಕ್ಕಾನ ಇವತ್ತಿನ ಪಾಠ!"

ಸಾಹೇಬರು ಒಂದು ಸಲ ಗಡಿಯಾರ ನೋಡಿದರು, ಒಂದು ಸಲ ಮಾಸ್ತರರನ್ನು ನೋಡಿದರು, ಕೊನೆಗೆ ಕುರ್ಚಿಯಲ್ಲಿ ಒರಗಿದರು. "ಹಂಗಾರ ಮಾಡ್ರಿ. ನಾವೂ ಕಲೀತೇವಿ."

ಮಾಸ್ತರರು ಮಾಡಿದ ಪಾಠದ ಮೊದಲ ಭಾಗ ನಿಜಕ್ಕೂ ಸೊಗಸಾಗಿತ್ತು. ಸಿಟ್ಟಿನ ಮನುಷ್ಯ, ಆದರೆ ಕಲಿಸಲು ಬಾರದ ಮನುಷ್ಯನಲ್ಲ. ಮುಂದೆ ಓಡುವುದು ಧನ, ಹಿಂದೆ ಬೀಳುವುದು ಋಣ ಎಂದು ಹೇಳಿ ಕರಿಹಲಗೆಯ ಮೇಲೆ ದೊಡ್ಡದೊಂದು ಗಡಿಯಾರ ಬರೆದರು. ಅರ್ಧ ತಾಸಿನ ಹೆಂಡತಿ, ಮೂರನೇ ಒಂದು ತಾಸಿನ ಗಡಿಯಾರ ಎಂದಾಗ ಪಾಠಕ್ಕೆ ಕೂರಿಸಿದ್ದ ಏಳನೆಯ ಇಯತ್ತೆಯ ಮಕ್ಕಳು ನಕ್ಕರು, ನೋಡಲು ಬಂದ ಮಾಸ್ತರರೂ ನಕ್ಕರು, ಸಾಹೇಬರ ತುಟಿಯೂ ಅಲುಗಿತು. ಕುರ್ಚಿ ಇನ್ನು ತಮ್ಮದೇ ಎಂದು ಮಾಸ್ತರರಿಗೆ ಅನಿಸಿತು. ಕಂಸ ಹಾಕಿ ಲೆಕ್ಕ ಬರೆದು ಮುಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಕರೆದರು. ಹೆಸರು ರೋಷನಬಿ. ಎರಡು ಜಡೆ, ಸುಣ್ಣದ ಕಡ್ಡಿಯಷ್ಟೇ ಸಣ್ಣ ದನಿ.

ಹುಡುಗಿ ಅಳುಕುತ್ತ ಬಂದು ಬರೆದಳು: − ½ + ⅓. ಕೆಳಗೆ: − 3/6 + 2/6. ಅದರ ಕೆಳಗೆ: − 1/6.

"ಹತ್ತು ನಿಮಿಷ್ರಿ ಸರ್" ಎಂದಳು.

"ತಪ್ಪು!" ಮಾಸ್ತರರ ದನಿಗೆ ಕಿಟಕಿಯ ಗುಬ್ಬಿ ಹಾರಿಹೋಯಿತು. "ಐವತ್ತು ನಿಮಿಷ! ಈ ಧನ ಎಲ್ಲಿಂದ ಬಂತು? ನಾ ಬರದದ್ದು ಋಣ. ನನ್ನ ಋಣಾ ಧನಾ ಮಾಡಾಕ ನೀ ಯಾರು?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳು ಕದಲಲಿಲ್ಲ. "ಕಂಸದ ಹಿಂದ ಋಣ ಐತ್ರಿ ಸರ್. ಬಿಡಿಸಿದ್ರ ಒಳಗಿಂದು ಚಿಹ್ನಿ ಬದಲಾಗತೈತ್ರಿ. ಮತ್ತ... ಹಿಂದ ಬೀಳೋ ಗಡಿಯಾರ, ಅರ್ಧಾ ತಾಸಿಗಿಂತ ಹೆಚ್ಚು ಮುಂದ ಹೆಂಗ ಇರತೈತ್ರಿ?"

ಮಾಸ್ತರರು ಮೇಜಿಗೆ ಬಡಿಯಲು ಕೈ ಎತ್ತಿದರು. ಕೈ ಮೇಲೆಯೇ ನಿಂತಿತು. ಅವರ ಕಣ್ಣು ಕರಿಹಲಗೆಯ ಮೇಲೆ, ಕಂಸದ ಮೇಲೆ, ಕಂಸದ ಹಿಂದಿನ ಆ ಚಿಕ್ಕ ಅಡ್ಡಗೆರೆಯ ಮೇಲೆ ಹೋಗಿ ನಾಟಿತು. ಇದೇ ಪ್ರಶ್ನೆಯನ್ನು ನಿನ್ನೆ ಒಬ್ಬಳು ಒದ್ದೆ ಕೈ ಒರೆಸುತ್ತ ಕೇಳಿದ್ದಳಲ್ಲ! ಇಪ್ಪತ್ತು ವರ್ಷದಲ್ಲಿ ಬೆಂಚಿನ ಮೇಲೆ ನಿಂತ ಅಷ್ಟೂ ಮಕ್ಕಳು ಈಗ ಕೆಳಗಿಳಿದು ಬಂದು ತಮ್ಮನ್ನೇ ನೋಡುತ್ತಿರುವಂತೆ ಅನಿಸಿತು. ನಾಚಿಕೆ ಎಂದರೆ ಏನೆಂದು ಮಾಸ್ತರರಿಗೆ ಆವತ್ತು ಗೊತ್ತಾಯಿತು.

ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿದರು. "ಹತ್ತು ನಿಮಿಷ," ಎಂದರು. "ನಿನ್ನದ ಖರೆ ಐತಿ ತಂಗಿ. ನಂದು ತಪ್ಪೈತಿ."

ಸಾಹೇಬರು ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. ಅವರೂ ಒಂದು ಕಾಲದಲ್ಲಿ ಗಣಿತ ಕಲಿಸಿದವರೇ.

"ಅಂದ್ರ ಹತ್ತು ನಿಮಿಷ ಕಳೆಯೋದ್ರಾಗ ನೀವು ಐವತ್ತು ಕಳದೀರಿ. ನಲವತ್ತು ನಿಮಿಷ ತಪ್ಪಿತು. ಆದ್ರ ಮಾಸ್ತರ, ನೀವು ಬಂದದ್ದು ಐವತ್ತು ನಿಮಿಷ ತಡಾ. ನಲವತ್ತು ಈ ಕಂಸದ್ದಾತು. ಇನ್ನೂ ಹತ್ತು ನಿಮಿಷ ಎಲ್ಲಿ ಹೋತು?"

ಮಾಸ್ತರರು ಮನಸ್ಸಿನಲ್ಲೇ ಬಂದ ದಾರಿಯನ್ನು ಮತ್ತೆ ಅಳೆದರು. ಬಸ್ಸು ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ. ಅವರು ನಡೆದದ್ದೂ ನಿಧಾನವಾಗಿ ಅಲ್ಲ. ಸಾಹೇಬರು ಎದ್ದು ನಿಂತು "ಪಾಠ ಭಾಳ ಚಲೋ ಇತ್ತು," ಎಂದರು. "ಆದ್ರ ಮಾಡಿದಾಕಿ ರೋಷನಬಿ." ಹೆಡ್‌ಮಾಸ್ತರರ ಕುರ್ಚಿ ಐಹೊಳೆಗೆ ಹೋಯಿತು ಎನ್ನುವುದನ್ನು ಬೇರೆ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾಸ್ತರರು ಕಮತಗಿಗೆ ಮರಳಿದರು. ಕುರ್ಚಿ ಹೋದದ್ದಕ್ಕಿಂತ ಆ ಹತ್ತು ನಿಮಿಷ ಅವರನ್ನು ಕೊರೆಯುತ್ತಿತ್ತು. ಮನೆಯ ಕಟ್ಟೆಯ ಮೇಲೆ ಜಹಾಂಗೀರ ಒಂದು ಕಾಗದ ಹಿಡಿದು ಕೂತಿದ್ದ. ಆಚೆಯ ಬಾಗಿಲಲ್ಲಿ ಮಾಸುಮಬಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ನೋಡ್ರಿ ಮಾಸ್ತರ!" ಎಂದಳು ಆಕೆ, ಗಂಡ ಬಾಯಿ ತೆರೆಯುವ ಮೊದಲೇ. "ನಿಮ್ಮ ಲೆಕ್ಕಾ ನಂಬಿದ್ದಕ್ಕ ನಮ್ಮವರ ಕೈಗೆ ಮೆಮೋ ಬಂದೈತಿ. ಐವತ್ತು ನಿಮಿಷ ಗಾಡಿ ಯಾಕ ತಡಾ ಆತು, ಕಾರಣಾ ಬರದು ಕೊಡಬೇಕಂತ. ಇಲ್ಲಾಂದ್ರ ಸಸ್ಪೆಂಡ್. ಮೂರ ಮಕ್ಕಳನ್ನ ಯಾವ ಛೇದದಾಗ ಹಾಕ್ಲಿ ನಾ?"

ಮಾಸ್ತರರು ತಲೆ ತಗ್ಗಿಸಿದರು. "ಕೊಡು ಇಲ್ಲೆ. ನಾ ಬರದು ಸಹಿ ಮಾಡ್ತೇನಿ. ತಪ್ಪು ನಂದು."

ಪಡಸಾಲೆಯಲ್ಲಿ ಕೂತು ಬರೆಯತೊಡಗಿದರು. ನಲವತ್ತು ನಿಮಿಷ: ಕಂಸ ಬಿಡಿಸುವಾಗ ಚಿಹ್ನೆ ಬದಲಿಸದ ಕಾರಣ. ಅಲ್ಲಿಗೆ ಪೆನ್ನು ನಿಂತಿತು. ಉಳಿದ ಹತ್ತು ನಿಮಿಷಕ್ಕೆ ಏನು ಬರೆಯುವುದು? ಪಾಟಿ ಇಳಿಸಿ ಮತ್ತೆ ಲೆಕ್ಕ ಮಾಡಿದರು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮಾಡಿದರು. ಲ.ಸಾ.ಅ. ಆರರ ಬದಲು ಹನ್ನೆರಡು ಹಿಡಿದು ಮಾಡಿದರು. ಎಷ್ಟು ಮಾಡಿದರೂ ನಲವತ್ತೇ. ಮತ್ತೆ ಮೂಗಿನ ತುದಿಗೆ ಸಿಟ್ಟು ಬಂತು.

"ಈ ದರಿದ್ರ ಗಡಿಯಾರ! ಹಿಂದ ಬೀಳೂದ್ರಾಗೂ ಇದಕ್ಕ ನಿಯತ್ತಿಲ್ಲ! ಒಡದ ಹಾಕ್ತೇನಿ ಇವತ್ತ!"

"ಗಡಿಯಾರಕ್ಕ ಬೈಬ್ಯಾಡ್ರಿ," ಎಂದಳು ಸತ್ಯವ್ವ. ಅವಳು ಇಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. "ಅದು ಮುಂಜಾನಿ ಖರೇ ಟೈಮ ತೋರಸ್ತಿತ್ತು."

"ಏನಂದಿ?"

"ಏಳಕ್ಕ ಚಾವಿ ಕೊಡಾಕ ಸ್ಟೂಲ ಹತ್ತಿದೆ. ಹುಲ್ಲಪ್ಪನ ರೇಡಿಯೋದಾಗ ಪೀಂ ಪೀಂ ಅಂತು, ಗಡಿಯಾರದಾಗ ಏಳೂ ಹತ್ತು ಆಗಿತ್ತು. ಹೆಡ್‌ಮಾಸ್ತರ ಆಗೋ ದಿನಾ ಮನ್ಯಾಗ ಸುಳ್ಳು ಹೇಳೋ ಗಡಿಯಾರ ಬ್ಯಾಡ ಅನಿಸ್ತು. ಹತ್ತು ನಿಮಿಷ ಹಿಂದ ಸರಿಸಿದೆ. ಬೀರಪ್ಪ ದೇವರಿಗೆ ಒಂದು ಕಾಯಿ ಒಡಸ್ತೇನಿ ಅಂತನೂ ಬೇಡಿಕೊಂಡೆ."

ಮಾಸ್ತರರು ಬಾಯಿ ತೆರೆದರು. ಕಳೆದುಹೋದ ಹತ್ತು ನಿಮಿಷ ಸ್ಟೂಲಿನ ಮೇಲೆ ನಿಂತಿದ್ದವಳ ಕೈಯಲ್ಲಿತ್ತು! ಅವಳು ಗಡಿಯಾರವನ್ನು ಸರಿ ಮಾಡಿದ್ದಳು, ಸರಿ ಇದ್ದ ಗಡಿಯಾರದಲ್ಲಿ ತಾವು ಐವತ್ತು ನಿಮಿಷ ಕಳೆದಿದ್ದರು.

"ಮತ್ತ... ಮತ್ತ ಹೇಳಬಾರದಾಗಿತ್ತೇನ?" ಅವರ ದನಿ ಅರ್ಧ ಸಿಟ್ಟು, ಅರ್ಧ ಅಳು.

"ಮೂರ ಸಲ ಹೇಳಾಕ ಬಂದೆ," ಎಂದಳು ಸತ್ಯವ್ವ. ಅವಳ ದನಿಯಲ್ಲಿ ಅಳು ಇರಲಿಲ್ಲ, ಬರೀ ಸಿಟ್ಟಿತ್ತು, ಹದಿನೆಂಟು ವರ್ಷ ಕೂಡಿಟ್ಟದ್ದು. "ಎರಡ ಸಲ ಬಾಯಿ ಮುಚ್ಚು ಅಂದ್ರಿ. ಮೂರನೇ ಸಲ ಅದನ್ನ ಹೇಳಾಕೂ ನಿಮಗ ಪುರಸೊತ್ತ ಇರಲಿಲ್ಲ, ಬೆರಳ ಮಾಡಿದ್ರಿ. ಇನ್ನೇನ ಮಾಡ್ಲಿ ನಾ? ಪಾಟಿ ಮ್ಯಾಲೆ ಬರದು ತೋರಿಸ್ಲೇನ?"

ಬಾಗಿಲ ಹೊರಗಿನಿಂದ ಜಹಾಂಗೀರನೂ ಮಾಸುಮಬಿಯೂ ಇಣುಕುತ್ತಿದ್ದರು. ಮಾಸ್ತರರು ಪೆನ್ನು ಎತ್ತಿ ಒಂದು ಸಾಲು ಬರೆದು ಕೆಳಗೆ ಸಹಿ ಹಾಕಿದರು.

"ಏನ ಬರದ್ರಿ?" ಎಂದಳು ಸತ್ಯವ್ವ.

ಮಾಸ್ತರರು ತರಗತಿಯಲ್ಲಿ ಎಂದೂ ಓದದಷ್ಟು ಮೆಲ್ಲಗೆ ಓದಿದರು: "ಉಳಿದ ಹತ್ತು ನಿಮಿಷ: ನನ್ನ ಸಿಟ್ಟು."

ಸತ್ಯವ್ವ ಬಗ್ಗಿ ಕಾಗದ ನೋಡಿದಳು.

"ಹತ್ತ ನಿಮಿಷಾನ?" ಎಂದಳು. "ಭಾಳ ಕಡಿಮಿ ಹಿಡದೀರಿ."